ಹೊಸ ತಗಡಿನ 1967ರ ಮಸ್ಟ್ಯಾಂಗ್: ಮೂರು ಚಳಿಗಾಲದ ಕೆಲಸ, ನಿಮ್ಮ ಅಭಿಪ್ರಾಯ ಬೇಕು

#1 ಮಲೆನಾಡಿಗ_ಮಿಶಿಗನ್

ಎಲ್ಲರಿಗೂ ನಮಸ್ಕಾರ. ಮೂರು ಚಳಿಗಾಲ ಗ್ಯಾರೇಜಿನಲ್ಲಿ ಕೂತು ಕಟ್ಟಿದ ಕಾರು ಜುಲೈಯಲ್ಲಿ ನಂಬರ್ ಪ್ಲೇಟ್ ಹಾಕಿಕೊಂಡು ರಸ್ತೆಗಿಳಿಯಿತು. 1967ರ ಮಸ್ಟ್ಯಾಂಗ್ ಫಾಸ್ಟ್‌ಬ್ಯಾಕ್‌ನ (ಛಾವಣಿ ಹಿಂದಕ್ಕೆ ಇಳಿಜಾರಾಗಿ ಇಳಿಯೋ ಮಾದರಿ) ರೂಪ. ರೂಪ ಅಂತ ಬೇಕಂತಲೇ ಬರೆದಿದ್ದೀನಿ. 1967ರಲ್ಲಿ ಫೋರ್ಡ್ ಕಾರ್ಖಾನೆಯಿಂದ ಹೊರಬಂದ ಒಂದು ಬೋಲ್ಟು ಕೂಡ ಇದರಲ್ಲಿಲ್ಲ. ಬಾಡಿ, ಎಂಜಿನ್, ಗಾಜು, ರಬ್ಬರು, ಸೀಟಿನ ಸ್ಪ್ರಿಂಗು, ಗ್ರಿಲ್ಲಿನ ನಡುವಿನ ಕುದುರೆ, ಎಲ್ಲ ಹೊಸದು.

ಮೊದಲು ಹಳೇ ಕಾರನ್ನೇ ಹುಡುಕಿದ್ದೆ. ಎರಡು ವರ್ಷದಲ್ಲಿ ನಾಲ್ಕು ನೋಡಿದೆ. ಮಿಶಿಗನ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರೀತಾರೆ, ಐವತ್ತು ವರ್ಷ ಅದನ್ನು ಕುಡಿದ ತಗಡು ಹೇಗಿರುತ್ತೆ ಅಂತ ಇಲ್ಲಿರೋರಿಗೆ ಗೊತ್ತು. ನಾಲ್ಕನೇ ಕಾರು ಮೇಲ್ನೋಟಕ್ಕೆ ಚಿನ್ನದಂಗಿತ್ತು. ವಿಂಡ್‌ಶೀಲ್ಡಿನ ಬುಡದಲ್ಲಿ ಹೊರಗಾಳಿ ಒಳಗೆ ತಗೊಳ್ಳೋ ಜಾಲರಿ ಇರುತ್ತಲ್ಲ, ಅದರಡಿ ಎರಡು ತಗಡು ಸೇರಿಸಿ ಮಾಡಿದ ಒಂದು ಪೆಟ್ಟಿಗೆ ಇದೆ. ಕೌಲ್ ಅಂತಾರೆ. ಎಲೆ, ಮಣ್ಣು ಅಲ್ಲಿ ಕೂತು ಕೊಳೆತು ಒಳಗಿನಿಂದಲೇ ತಿನ್ನುತ್ತೆ. ಕೈ ಹೋಗಲ್ಲ, ಕಣ್ಣೂ ಹೋಗಲ್ಲ. ಮಾಲೀಕರನ್ನು ಕೇಳಿ ಒಂದು ಬಾಟಲಿ ನೀರು ಆ ಜಾಲರಿ ಮೇಲೆ ಹೊಯ್ದೆ. ಹತ್ತು ಎಣಿಸೋದರೊಳಗೆ ಡ್ರೈವರ್ ಕಾಲಿಡೋ ಕಡೆ ಕಾರ್ಪೆಟ್ ಒದ್ದೆ. ಕಾರ್ಪೆಟ್ ಎತ್ತಿದರೆ ಕೆಳಗೆ ಗ್ಯಾರೇಜಿನ ನೆಲ ಕಾಣಿಸ್ತು.

ಪರಿಚಯದ ಬಾಡಿ ಮೇಸ್ತ್ರಿಯನ್ನು ಕರೆಸಿ ಲೆಕ್ಕ ಹಾಕಿಸಿದೆ. ಕೌಲ್, ನೆಲದ ಎರಡೂ ಪ್ಯಾನ್, ಹಿಂದಿನ ರೈಲುಗಳು (ಅಡಿಯ ಉದ್ದ ತೊಲೆಗಳು), ಎರಡೂ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಸುತ್ತಿನ ಪಕ್ಕೆ ತಗಡು), ಬ್ಯಾಟರಿ ಕೂರೋ ಏಪ್ರನ್. ಇಷ್ಟೂ ಹೊಸ ರೀಪ್ರೊಡಕ್ಷನ್ ತಗಡೇ (ಹಳೆಯದರ ಆಕಾರದಲ್ಲಿ ಈಗ ಮಾಡಿದ್ದು) ಬರಬೇಕು. ಕತ್ತರಿಸಿ ಉಳಿಯೋದು ಛಾವಣಿ, ಬಾಗಿಲ ಚೌಕಟ್ಟು, ಮುಂದಿನ ಒಂದಿಷ್ಟು. ಅಷ್ಟಕ್ಕೋಸ್ಕರ ನಾನು ಹಳೇ ಕಾರಿನ ಬೆಲೆ ಕೊಡಬೇಕಿತ್ತು. ಆ ರಾತ್ರಿಯೇ ಪೂರ್ತಿ ಹೊಸ ಬಾಡಿ ತಗೊಳ್ಳೋದು ಅಂತ ತೀರ್ಮಾನ ಮಾಡಿದೆ.

ಇದು ಹೊಸ ವಿಷಯವೇನಲ್ಲ. ಕ್ಯಾಲಿಫೋರ್ನಿಯಾದ ಡೈನಾಕಾರ್ನ್ ಕಂಪನಿ 2000ರ ದಶಕದ ಮಧ್ಯದಿಂದಲೇ ಇಂಥ ಬಾಡಿಗಳನ್ನು ಮಾರ್ತಿದೆ. ಮೊದಲು ಶೆವ್ರೊಲೆಯ 1969ರ ಕ್ಯಾಮರೊ, ಆಮೇಲೆ 1967ರ ಫಾಸ್ಟ್‌ಬ್ಯಾಕ್, ಹೀಗೆ. ತಗಡು ಒತ್ತೋದು ತೈವಾನ್‌ನಲ್ಲಿ. ನನ್ನದು ಬಂದಾಗ ಕಪ್ಪು ಪ್ರೈಮರ್‌ನಲ್ಲಿ ಅದ್ದಿದ ಡೊಳ್ಳಿನಂತೆ ಇತ್ತು, ಬಾಗಿಲು ಮತ್ತು ಡಿಕ್ಕಿ ಮುಚ್ಚಳ ಜೊತೆಗೆ. ಮುಂದಿನ ಫೆಂಡರು (ಮುಂಚಕ್ರದ ಮೇಲಿನ ಪಕ್ಕೆ ತಗಡು), ಬಾನೆಟ್ಟು ಬೇರೆಯಾಗಿ ತರಿಸಿದೆ. ಎಂಜಿನ್ 302 ಘನ ಇಂಚಿನ ಕುಲದ ಹೊಸ ಕ್ರೇಟ್ ಎಂಜಿನ್, ಅಂದರೆ ಪೆಟ್ಟಿಗೆಯಲ್ಲಿ ಬಿಡಿಯಾಗಿ ಮಾರೋದು (ಸೂಕ್ಷ್ಮ ನೋಡೋರಿಗೆ: 1967ರ ಕಾರಿಗೆ ಬರ್ತಿದ್ದದ್ದು 289, 302 ಬಂದದ್ದು 1968ಕ್ಕೆ, ಗೊತ್ತಿದ್ದೇ ಹಾಕಿದ್ದು). ಟ್ರೆಮೆಕ್ ಐದು ಗೇರಿನ ಪೆಟ್ಟಿಗೆ, ಹೊಸದಾಗಿ ವೆಲ್ಡ್ ಮಾಡಿದ ಒಂಬತ್ತು ಇಂಚಿನ ಹಿಂದಿನ ಆಕ್ಸಲ್, ಹಾಲಿ (Holley) ಕಂಪನಿಯ ಕಾರ್ಬುರೇಟರ್.

ಬಾಡಿಯೊಂದಕ್ಕೇ ಸುಮಾರು 20,000 ಡಾಲರ್ ಹೋಯಿತು. ಒಟ್ಟು ಲೆಕ್ಕ 85,000 ದಾಟಿದೆ, ನನ್ನ ಕೈಕೆಲಸ ಬಿಟ್ಟು. 1967ರಲ್ಲಿ ಫಾಸ್ಟ್‌ಬ್ಯಾಕ್‌ನ ಮೂಲ ಬೆಲೆ 2,592 ಡಾಲರ್. ಪುಸ್ತಕದಲ್ಲಿ ಗಂಟೆ ಬರೆದಿಟ್ಟಿದ್ದೀನಿ: 1,900ಕ್ಕೂ ಮೇಲೆ.

ಈಗ ಪ್ರಶ್ನೆ. ಸ್ನೇಹಿತರಲ್ಲಿ ಅರ್ಧ ಜನ ಇದನ್ನು ನಕಲಿ ಅಂತಾರೆ. ನನಗೆ ಹಾಗನ್ನಿಸಲ್ಲ. ನೀವು ಏನಂತೀರಿ?

#2 ಹುಬ್ಬಳ್ಳಿಹುಡುಗ_ಶಿಕಾಗೊ

ಏನ್ ಕೆಲಸಾ ಮಾಡೀರಿ ಸರ! ಫೋಟೋ ನೋಡಿ ಭಾಳ ಖುಷಿ ಆತು. ಒಂದ್ ಮಾತ್ ಕೇಳ್ತೀನಿ. ಎಲ್ಲಾ ಪಾರ್ಟ್ ಹೊಸಾವು ಅಂದಮ್ಯಾಲೆ ಬೋಲ್ಟ್ ಬಿಗಿಯೋದಷ್ಟ ಅಲ್ಲೇನ್ರಿ? ತುಕ್ಕ ಇಲ್ಲ, ಮುರಿದ ಬೋಲ್ಟ್ ಇಲ್ಲ. 1,900 ತಾಸು ಎಲ್ಲಿ ಹೋದ್ವು?

#3 ಡಲ್ಲಾಸ್_ಡ್ರೈವರ್

ಕೆಲಸಕ್ಕೆ ಕೈಮುಗಿದು ಹೇಳ್ತೀನಿ, ನನ್ನ ಅಭಿಪ್ರಾಯ ಬೇರೆ.

ನನ್ನ ಹತ್ತಿರ 1969ರ ಕ್ಯಾಮರೊ ಇದೆ. ಓಹಾಯೊದ ನಾರ್‌ವುಡ್ ಕಾರ್ಖಾನೆಯದು. ಎಸ್‌ಎಸ್, ಝಡ್/28 ಥರದ ಹೆಸರುವಾಸಿ ಮಾದರಿ ಅಲ್ಲ, ಸಾದಾ 307 ವಿ8. ಆ ವರ್ಷ ಕ್ಯಾಮರೊ 2,43,085 ತಯಾರಾದವು, ಅದರಲ್ಲಿ ಒಂದು. ಏಳು ವರ್ಷ ಅದರ ತುಕ್ಕಿನ ಜೊತೆ ಗುದ್ದಾಡಿದ್ದೀನಿ. ಹಿಂದಿನ ಗಾಜಿನ ಬುಡ, ಡಿಕ್ಕಿಯ ಕಾಲುವೆ, ಕ್ವಾರ್ಟರ್ ಪ್ಯಾನೆಲ್‌ನ ಕೆಳತುದಿ, ಎಲ್ಲ ಕಡೆ ಅಂಗೈ ಅಗಲದ ತುಂಡು ಕತ್ತರಿಸಿ ಅಂಗೈ ಅಗಲದ ತುಂಡು ಸೇರಿಸಿದ್ದು.

ಒಂದಿನ ಫೈರ್‌ವಾಲ್ (ಎಂಜಿನ್ ಕೋಣೆಗೂ ಕೂರೋ ಜಾಗಕ್ಕೂ ನಡುವಿನ ಗೋಡೆ) ಮೇಲಿನ ಹಳೇ ಬಣ್ಣ ಮೆಲ್ಲಗೆ ತೊಳೀತಿದ್ದಾಗ ಬಳಪದಲ್ಲಿ ಬರೆದ ಎರಡು ಅಕ್ಷರ ಕಾಣಿಸಿದವು. 1969ರಲ್ಲಿ ಲೈನಿನಲ್ಲಿ ನಿಂತ ಯಾರೋ ಒಬ್ಬ ಕೆಲಸಗಾರ ಮುಂದಿನವನಿಗೆ ಬರೆದ ಗುರುತು. ಅದನ್ನು ಅಳಿಸದೆ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದು ಇಟ್ಟಿದ್ದೀನಿ. ಆ ಕೈ ಮುಟ್ಟಿದ ತಗಡಿದು. ನಿಮ್ಮ ಬಾಡಿ ಎಷ್ಟೇ ಚೆನ್ನಾಗಿರಲಿ, ಅದರಲ್ಲಿ ಆ ಕೈ ಇಲ್ಲ. ನಕಲಿ ಅನ್ನೋ ಶಬ್ದ ನಾನು ಬಳಸಲ್ಲ. ಆದರೆ "1967ರ ಮಸ್ಟ್ಯಾಂಗ್" ಅನ್ನೋ ಹೆಸರು ಅದಕ್ಕೆ ಸಲ್ಲಲ್ಲ.

ಇನ್ನೊಂದು ಸಂಕಟ. ಹೊಸ ಬಾಡಿ ಸಿಗುತ್ತೆ ಅಂತಾದಮೇಲೆ ಜನ ಉಳಿಸಬಹುದಾದ ಕಾರನ್ನೂ ಗುಜರಿಗೆ ತಳ್ತಿದ್ದಾರೆ. ನಿಮ್ಮ ಆ ನಾಲ್ಕನೇ ಕಾರು ಏನಾಯ್ತು?

#4 ಯೆಜ್ಡಿ_ಮೈಸೂರು

ಅಮೆರಿಕದ ಕಾರಿನ ವಿಷಯ ನನಗೆ ದೂರ, ಆದರೆ ಈ ಪ್ರಶ್ನೆ ನಮ್ಮೂರಿನದೂ ಹೌದು. ಐಡಿಯಲ್ ಜಾವಾ ಮೈಸೂರಿನಲ್ಲಿ 1961ರಿಂದ ಬೈಕ್ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಆಮೇಲೆ ನಾವೆಲ್ಲ ಗಾಡಿ ಓಡಿಸಿದ್ದು ಪ್ಯಾಟರ್ನ್ ಪಾರ್ಟ್ಸ್ ಮೇಲೇ, ಅಂದರೆ ಬೇರೆಯವರು ಮೂಲದ್ದನ್ನು ನೋಡಿ ಮಾಡಿದ ಬಿಡಿಭಾಗ. ಸೈಲೆನ್ಸರ್, ಮಡ್‌ಗಾರ್ಡ್, ಟ್ಯಾಂಕ್ ತನಕ ಹೊಸದು ಸಿಗುತ್ತೆ. ನನ್ನ ಗಾಡಿಯಲ್ಲಿ ಕಾರ್ಖಾನೆಯದು ಅಂತ ಉಳಿದಿರೋದು ಫ್ರೇಮು, ಎಂಜಿನ್ ಕೇಸು. ಅದನ್ನು ಯೆಜ್ಡಿ ಅಲ್ಲ ಅಂತ ಯಾರೂ ಅನ್ನಲ್ಲ.

ನಂಜನಗೂಡಿನ ತೇರು ನೋಡಿ. ಗಾಲಿ ಸವೆದರೆ ಹೊಸ ಗಾಲಿ, ತೊಲೆ ಸೀಳಿದರೆ ಹೊಸ ತೊಲೆ. ತೇರು ಅದೇ.

#5 ಡಲ್ಲಾಸ್_ಡ್ರೈವರ್

ಮೈಸೂರಿನವರೇ, ತೇರಿನ ಮಾತು ಒಪ್ಪಿದೆ. ಆದರೆ ತೇರನ್ನು ಜನ ಎಳೆಯೋದು ಒಳಗೆ ಕೂತ ಉತ್ಸವಮೂರ್ತಿಗೋಸ್ಕರ. ಮರ ಹೊಸದಾದರೂ ಮೂರ್ತಿ ಅದೇ. ನಿಮ್ಮ ಯೆಜ್ಡಿಯಲ್ಲೂ ಫ್ರೇಮ್ ನಂಬರ್ ಇದೆ, ಅದೇ ಆ ಮೂರ್ತಿ. ಎಲ್ಲವನ್ನೂ ಒಂದೇ ದಿನ ಹೊಸದಾಗಿ ತಂದು ಜೋಡಿಸಿದ ತೇರಿಗೆ ಪ್ರತಿಷ್ಠೆಯೇ ಬೇರೆ ಆಗಬೇಕಲ್ಲವೇ?

#6 ಮಲೆನಾಡಿಗ_ಮಿಶಿಗನ್

ಒಬ್ಬೊಬ್ಬರಿಗೂ ಉತ್ತರ ಕೊಡ್ತೀನಿ. ಮೊದಲು ಹುಬ್ಬಳ್ಳಿಯವರ 1,900 ತಾಸು.

ನನ್ನ ಹೊಟ್ಟೆಪಾಡು ಡೈ ಕೆಲಸ. ಹದಿನೆಂಟು ವರ್ಷದಿಂದ ಕಾರಿನ ತಗಡು ಒತ್ತೋ ಅಚ್ಚುಗಳ ಜೊತೆಗಿದ್ದೀನಿ. ಹಾಗಾಗಿ ಇದು ಹೊಟ್ಟೆಯೊಳಗಿನಿಂದ ಬರೋ ಮಾತು.

ತಗಡನ್ನು ಒತ್ತಿ ಬಿಟ್ಟರೆ ಅದು ಒತ್ತಿದ ಆಕಾರದಲ್ಲೇ ನಿಲ್ಲಲ್ಲ, ಒಂಚೂರು ಹಿಂದಕ್ಕೆ ಚಿಮ್ಮುತ್ತೆ. ಸ್ಪ್ರಿಂಗ್‌ಬ್ಯಾಕ್ ಅಂತೀವಿ. ಎಷ್ಟು ಚಿಮ್ಮುತ್ತೆ ಅನ್ನೋದು ಉಕ್ಕಿನ ಗುಣ, ದಪ್ಪ, ಎಷ್ಟು ಆಳಕ್ಕೆ ಎಳೆದಿದ್ದೀವಿ ಅನ್ನೋದರ ಮೇಲೆ ಹೋಗುತ್ತೆ. ಲಕ್ಷಗಟ್ಟಲೆ ಕಾರು ಮಾಡೋ ಕಾರ್ಖಾನೆ ಒಂದು ಫೆಂಡರಿಗೆ ನಾಲ್ಕೈದು ಡೈ ಇಡುತ್ತೆ. ಒಂದರಲ್ಲಿ ಎಳೆತ, ಒಂದರಲ್ಲಿ ಅಂಚು ಕತ್ತರಿಸೋದು, ಒಂದರಲ್ಲಿ ಮಡಿಕೆ, ಕೊನೆಗೆ ಗೆರೆಯನ್ನು ತೀಡಿ ನಿಲ್ಲಿಸೋಕೆ ಮತ್ತೊಂದು ಪೆಟ್ಟು. ಸಾವಿರಗಟ್ಟಲೆ ಮಾತ್ರ ಮಾರಾಟವಾಗೋ ರೀಪ್ರೊಡಕ್ಷನ್ ಫೆಂಡರಿಗೆ ಅಷ್ಟು ಹಣ ಹಾಕೋಕಾಗಲ್ಲ. ಹಂತ ಕಡಿಮೆಯಾಗುತ್ತೆ, ಮೈಗೆರೆ ಮೊಂಡಾಗುತ್ತೆ. 1967ರ ಮಸ್ಟ್ಯಾಂಗ್‌ನ ಪಕ್ಕೆಯಲ್ಲಿ ಆ ಒಳಗುಳಿ ಇದೆಯಲ್ಲ, ಬಾಗಿಲಿಂದ ಹಿಂಚಕ್ರದ ಮುಂದಿನ ಸ್ಕೂಪಿನವರೆಗೆ ಓಡೋದು, ಅದರ ಅಂಚನ್ನು ಬೆರಳಲ್ಲಿ ಸವರಿದರೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಕತ್ತಲಲ್ಲೂ ಗೊತ್ತಾಗುತ್ತೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಬಾಡಿ ಒಬ್ಬರದು, ಫೆಂಡರು ಇನ್ನೊಬ್ಬರದು, ಬಾನೆಟ್ಟು ಮತ್ತೊಬ್ಬರದು. ಒಬ್ಬೊಬ್ಬರೂ ತಮ್ಮ ತಮ್ಮ ಕೈಗೆ ಸಿಕ್ಕ ಹಳೇ ಕಾರನ್ನು ಅಳೆದು ಅಚ್ಚು ಮಾಡಿರ್ತಾರೆ. ಆ ಹಳೇ ಕಾರು ಎಲ್ಲೋ ಗುದ್ದಿಸಿಕೊಂಡು ನೆಟ್ಟಗಾದದ್ದಿರಬಹುದು, ಜೋತುಬಿದ್ದದ್ದಿರಬಹುದು. ಹೀಗಾಗಿ ಎಲ್ಲವೂ ತಮ್ಮಷ್ಟಕ್ಕೆ ಸರಿ, ಒಟ್ಟಿಗೆ ಇಟ್ಟರೆ ಯಾವುದೂ ಕೂರಲ್ಲ.

ನನ್ನ ಎಡ ಬಾಗಿಲಿನ ಕತೆ ಹೇಳ್ತೀನಿ. ಬಾಗಿಲು ಮತ್ತು ಫೆಂಡರಿನ ನಡುವಿನ ಸಂದು ಮೇಲೆ 3 ಮಿ.ಮೀ., ಕೆಳಗೆ 8. ಕೀಲು ಸಡಿಲಿಸಿ ಬಾಗಿಲನ್ನು ತಿರುಗಿಸಿದರೆ ಹಿಂದಿನ ಸಂದು ಕೆಟ್ಟುಹೋಗುತ್ತೆ. ಫೆಂಡರಿಗೆ ಶಿಮ್ (ಸಂದಿಗೆ ಇಡೋ ತೆಳು ಬಿಲ್ಲೆ) ಹಾಕಿ ಮುಂದೆ ತಳ್ಳಿದರೆ ಹೆಡ್‌ಲೈಟ್ ಬಕೆಟ್ ಸಾಲು ತಪ್ಪುತ್ತೆ. ಹದಿಮೂರು ದಿನ ಸಂಜೆ ಅದೊಂದೇ ಕೆಲಸ. ಕೊನೆಗೆ ಬಾಗಿಲ ಮುಂದಿನ ಅಂಚಿಗೆ ಕೆಳಗಡೆ ತೆಳುವಾಗಿ ವೆಲ್ಡ್ ಎಳೆದು, ಫೈಲ್ ಹಿಡಿದು ಉಜ್ಜಿ ಗೆರೆ ನೇರ ಮಾಡಿದೆ. ಅದಾದಮೇಲೆ ರಬ್ಬರ್ ಸೀಲ್ ಹಾಕಿದೆ. ಹೊಸ ರಬ್ಬರು ದಪ್ಪ, ಬಾಗಿಲು ಮುಚ್ಚೋದೇ ಇಲ್ಲ. ಭುಜ ಕೊಟ್ಟು ತಳ್ಳಿ ಲಾಕ್ ಮಾಡಿ ಒಂದು ತಿಂಗಳು ಹಾಗೇ ಬಿಟ್ಟೆ, ರಬ್ಬರು ಕೂತಿತು.

ಬಾನೆಟ್ಟನ್ನು ನಾನೇ ಕೆಡಿಸಿದೆ. ಹೊಸ ಕೀಲು, ಹೊಸ ಸ್ಪ್ರಿಂಗು, ಎರಡೂ ಗಡುಸು. ಎಣ್ಣೆ ಬಿಟ್ಟು ಹತ್ತಾರು ಸಲ ಆಡಿಸಿ ಸಡಿಲ ಮಾಡಬೇಕಿತ್ತು, ಮಾಡಲಿಲ್ಲ. ಮೊದಲ ಸಲ ಮುಚ್ಚಿದಾಗ ಕೀಲು ಹಿಡಿದುಕೊಂಡು ಹಿಂದಿನ ಮೂಲೆಯಲ್ಲಿ ತಗಡು ಮಡಚಿಕೊಂಡಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಬೇರೆ ಬಾನೆಟ್ಟು ತರಿಸಬೇಕಾಯಿತು. ಯಾರಾದರೂ ಮಾಡೋರಿದ್ದರೆ ಇದೊಂದು ನೆನಪಿಟ್ಟುಕೊಳ್ಳಿ: ಮೊದಲು ಸ್ಪ್ರಿಂಗ್ ಇಲ್ಲದೆ ಕೀಲು ಆಡಿಸಿ ನೋಡಿ.

ವೈರಿಂಗ್ ಮುಗಿಸಿ ಬ್ಯಾಟರಿ ಕೊಟ್ಟ ದಿನ ಒಂದು ದೀಪವೂ ಸರಿಯಾಗಿ ಹತ್ತಲಿಲ್ಲ. ಇಂಡಿಕೇಟರ್ ಹಾಕಿದರೆ ಬೇರೆ ಯಾವುದೋ ದೀಪ ಮಿಣುಕುತ್ತೆ. ಎರಡು ದಿನ ಹುಡುಕಿದೆ. ಕಾರಣ ಸರಳ. ಹಳೇ ಕಾರಿನಲ್ಲಿ ಸ್ಕ್ರೂ ತಗಡಿಗೆ ಮುಟ್ಟಿ ಅರ್ತಿಂಗ್ ಆಗುತ್ತೆ. ಹೊಸ ಬಾಡಿಯ ಒಳಹೊರಗೆಲ್ಲ ಪ್ರೈಮರು, ಅದರ ಮೇಲೆ ಬಣ್ಣ, ಕರೆಂಟಿಗೆ ದಾರಿಯೇ ಇಲ್ಲ. ಅರ್ತಿಂಗ್ ಬರೋ ಒಂದೊಂದು ಜಾಗದಲ್ಲೂ ಕಾಸಿನಗಲ ಬಣ್ಣ ಕೆರೆದೆ, ಎಲ್ಲ ಹತ್ತಿದವು.

ಬಲಗಡೆ ಗಾಜು ಏರಿಸೋ ರೆಗ್ಯುಲೇಟರ್ ಹೊಸದು, ಹಲ್ಲು ಸರಿಯಾಗಿ ಕತ್ತರಿಸಿರಲಿಲ್ಲ. ಮಾರಿದವರು ಎರಡು ಸಲ ಬದಲಿಸಿ ಕೊಟ್ಟರು, ಎರಡೂ ಹಾಗೇ. ಮೂರನೆಯದನ್ನು ಬೇರೆ ಕಡೆ ತಗೊಂಡೆ.

1,900 ತಾಸು ಹೀಗೆ ಹೋದವು. ಬೋಲ್ಟ್ ಬಿಗಿದದ್ದು ಅದರಲ್ಲಿ ಕಾಲುಭಾಗವೂ ಇರಲಾರದು.

ಡಲ್ಲಾಸಿನವರೇ, ಆ ನಾಲ್ಕನೇ ಕಾರನ್ನು ಓಹಾಯೊದ ಒಬ್ಬರು ಕೊಂಡರು. ಕೌಲ್ ಬಿಚ್ಚಿ ಬೆಸುಗೆ ಹಾಕ್ತಿರೋ ಫೋಟೋ ಕಳಿಸಿದ್ದರು. ಬದುಕುತ್ತೆ ಆ ಕಾರು. ನನಗೆ ಅಷ್ಟು ತಾಳ್ಮೆಯೂ ಇರಲಿಲ್ಲ, ತುಕ್ಕಿನ ಮೇಲೆ ಬೆಸುಗೆ ಹಾಕೋ ಕೈಯೂ ಇರಲಿಲ್ಲ.

#7 ಕಾವೇರಿ_ಸ್ಯಾನ್‌ಹೋಸೆ

ಯಾರೂ ಮುಖ್ಯ ವಿಷಯ ಎತ್ತಿಲ್ಲ. ರಿಜಿಸ್ಟ್ರೇಷನ್ ಹೇಗೆ ಮಾಡಿಸಿದಿರಿ? ವಿನ್ (ಕಾರಿನ ಗುರುತಿನ ಸಂಖ್ಯೆ) ಎಲ್ಲಿಂದ ಬಂತು? ಇಲ್ಲಿ ಎಷ್ಟೋ ಜನ ಹಳೇ ಕಾರಿನ ಟೈಟಲ್ (ಒಡೆತನದ) ಕಾಗದ ಕೊಂಡು, ಅದರ ನಂಬರ್ ಇರೋ ತುಂಡನ್ನು ಹೊಸ ಬಾಡಿಗೆ ಬೆಸೆದು "1967" ಅಂತ ಓಡಿಸ್ತಾರೆ. ನೀವು ಹಾಗೆ ಮಾಡಿಲ್ಲ ಅಂತ ನಂಬಿದ್ದೀನಿ.

#8 ಮಲೆನಾಡಿಗ_ಮಿಶಿಗನ್

ಖಂಡಿತ ಮಾಡಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಬರೀತೀನಿ, ಹೊಸಬರು ಎಡವೋದು ಇಲ್ಲೇ.

ಈಗಿನ 17 ಅಕ್ಷರದ ವಿನ್ ಬಂದದ್ದು 1981ರ ಮಾಡೆಲ್‌ಗಳಿಂದ. ಅದಕ್ಕೂ ಮುಂಚೆ ಕಂಪನಿಗೊಂದು ಪದ್ಧತಿ. 1967ರ ಮಸ್ಟ್ಯಾಂಗ್ ನಂಬರ್ 7ಆರ್02ಸಿ ಅಂತ ಶುರುವಾದರೆ: 7 ಅಂದರೆ 1967, ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ, 02 ಫಾಸ್ಟ್‌ಬ್ಯಾಕ್, ಸಿ ಅಂದರೆ ಎರಡು ಬ್ಯಾರೆಲ್ ಕಾರ್ಬುರೇಟರಿನ 289. ಆಮೇಲಿನದು ಕ್ರಮಸಂಖ್ಯೆ. ಡಿಯರ್‌ಬಾರ್ನ್‌ಗೆ ಎಫ್, ನ್ಯೂಜರ್ಸಿಯ ಮೆಟಚೆನ್‌ಗೆ ಟಿ. ಈ ನಂಬರನ್ನು ಎಂಜಿನ್ ಕೋಣೆಯ ಒಳಗೋಡೆ ಏಪ್ರನ್‌ನ ಮೇಲಂಚಿಗೇ ಗುದ್ದಿರ್ತಾರೆ. ಎಡಗಡೆ ಫೆಂಡರಿನಲ್ಲಿ ಒಂದು ಸಣ್ಣ ಕಚ್ಚು ಕೊಟ್ಟಿರ್ತಾರೆ, ಅದರಲ್ಲಿ ಓದಬಹುದು. ಅಂದರೆ ನಂಬರು ತಗಡಿನ ಮೈಯಲ್ಲೇ ಇದೆ. ತಗಡು ಹೋದರೆ ನಂಬರೂ ಹೋಯಿತು.

ಆ ತುಂಡನ್ನು ಕತ್ತರಿಸಿ ಬೇರೆ ಬಾಡಿಗೆ ಬೆಸೆಯೋದು ತಪ್ಪು ಅಂತ ಫೆಡರಲ್ ಕಾನೂನೇ ಹೇಳುತ್ತೆ. ವಿನ್ ತೆಗೆಯೋದು, ತಿದ್ದೋದು ಅಪರಾಧ. ರಿಪೇರಿಗೆ ಬೇರೆ ದಾರಿಯೇ ಇಲ್ಲದೆ ತೆಗೆದವರಿಗೆ ವಿನಾಯಿತಿ ಇದೆ, ಅಷ್ಟೇ.

ನಾನು ಮಾಡಿದ್ದು ಇಷ್ಟು. ಮಿಶಿಗನ್‌ನಲ್ಲಿ "ಅಸೆಂಬಲ್ಡ್ ವೆಹಿಕಲ್" ಅನ್ನೋ ದಾರಿ ಇದೆ. ಬಾಡಿಯ ಬಿಲ್ಲು, ಎಂಜಿನ್ ಬಿಲ್ಲು, ಗೇರ್‌ಬಾಕ್ಸ್ ಬಿಲ್ಲು, ಕಾರಿನ ಫೋಟೋ, ಎಲ್ಲ ಫೈಲ್ ಮಾಡಿಟ್ಟಿದ್ದೆ. ಪೊಲೀಸ್ ಅಧಿಕಾರಿ ಬಂದು ದೀಪ, ಬ್ರೇಕು, ಬಿಲ್ಲು ನೋಡಿ ಫಾರ್ಮ್ ತುಂಬಿದರು. ರಾಜ್ಯದವರು ಹೊಸ ನಂಬರ್ ಕೊಟ್ಟರು. ಟೈಟಲ್ ಮೇಲೆ ಅಸೆಂಬಲ್ಡ್ ಅಂತ ಸ್ಪಷ್ಟವಾಗಿದೆ. ನಾಳೆ ಮಾರಿದರೆ 1967ರ ಕಾರಿನ ಬೆಲೆ ಬರಲ್ಲ. ಬರಬಾರದು ಕೂಡ.

ಉತ್ಸವಮೂರ್ತಿಯ ಮಾತಿಗೆ ನನ್ನ ಉತ್ತರವೂ ಇದೇ. ನಾನು ಯಾವ ಹಳೇ ಮೂರ್ತಿಯನ್ನೂ ಎತ್ತಿಕೊಂಡು ಬಂದು ಕೂರಿಸಿಲ್ಲ. ಹೊಸ ಪ್ರತಿಷ್ಠೆಯನ್ನೇ ಮಾಡಿಸಿದ್ದೀನಿ.

#9 ಡಲ್ಲಾಸ್_ಡ್ರೈವರ್

ಇದು ಒಪ್ಪುವ ಮಾತು. ಹೀಗೆ ಮಾಡಿದವರ ಜೊತೆ ನನಗೆ ಯಾವ ಜಗಳವೂ ಇಲ್ಲ.

ಆದರೆ ಕಾನೂನು ಕೆಲವು ಸಲ ಸತ್ಯವಂತರನ್ನೂ ಹಿಡಿದುಬಿಡುತ್ತೆ. ಕ್ಯಾನ್ಸಸ್‌ನಲ್ಲಿ ಒಬ್ಬರು 1959ರ ಕಾರ್ವೆಟ್ ಕೊಂಡು ತಪಾಸಣೆಗೆ ಒಯ್ದರು. ಹಿಂದೆ ಯಾರೋ ರಿಸ್ಟೋರ್ ಮಾಡೋವಾಗ ವಿನ್ ಇರೋ ಲೋಹದ ಪಟ್ಟಿ ಬಿಚ್ಚಿ ತಿರುಗಿ ಹಾಕಿದ್ದರು, ರಿವೆಟ್ಟು ಮೂಲದ್ದಲ್ಲ ಅನ್ನೋ ಕಾರಣಕ್ಕೆ ರಾಜ್ಯ ಕಾರನ್ನು ಜಪ್ತಿ ಮಾಡಿತು. ಪುಡಿ ಮಾಡೋ ಮಾತೂ ಬಂದಿತ್ತು. ವರ್ಷಗಟ್ಟಲೆ ಕೋರ್ಟು ಅಲೆದಾಟ. ಕೊನೆಗೆ 2022ರಲ್ಲಿ ರಾಜ್ಯದ ಕಾನೂನೇ ಬದಲಾಯಿತು, ಹಳೇ ಕಾರುಗಳ ರಿಸ್ಟೋರೇಷನ್‌ಗಾಗಿ ಪಟ್ಟಿ ತೆಗೆದು ಹಾಕಬಹುದು ಅಂತ. ಹಾಗಾಗಿ ಯಾರೇ ಆಗಲಿ, ಪಟ್ಟಿ ಬಿಚ್ಚೋ ಮುಂಚೆ ಫೋಟೋ ತೆಗೆದಿಡಿ, ರಿವೆಟ್ಟನ್ನೂ ಬಿಸಾಡಬೇಡಿ.

#10 ಹುಬ್ಬಳ್ಳಿಹುಡುಗ_ಶಿಕಾಗೊ

ವರ್ಷಕ್ಕ 325 ಕಾರ್ ಹಿಂಗ ಮಾಡಿ ಮಾರಬಹುದು ಅಂತ ಕಾನೂನು ಐತಿ ಅಂತ ಕೇಳೀನ್ರಿ. ಹಂಗಾದ್ರ ಮಲೆನಾಡಿಗರು ಒಂದ್ ವರ್ಕ್‌ಶಾಪ್ ತೆಗೀಬಹುದಲ್ಲ?

#11 ಕಾವೇರಿ_ಸ್ಯಾನ್‌ಹೋಸೆ

ಅದು ಮನೆಯಲ್ಲಿ ಕಟ್ಟೋರಿಗೆ ಅಲ್ಲ, ಕಂಪನಿಗಳಿಗೆ. 2015ರ ಡಿಸೆಂಬರ್‌ನಲ್ಲಿ ಆದ ಫಾಸ್ಟ್ ಆಕ್ಟ್‌ನಲ್ಲಿ ಸೇರಿಸಿದ್ದು. ಕನಿಷ್ಠ 25 ವರ್ಷ ಹಿಂದಿನ ಮಾಡೆಲ್‌ನ ಪ್ರತಿರೂಪವನ್ನು ಸಣ್ಣ ಕಂಪನಿ ವರ್ಷಕ್ಕೆ 325ರವರೆಗೆ ಮಾಡಿ ಮಾರಬಹುದು. ಏರ್‌ಬ್ಯಾಗ್‌ನಂಥ ಈಗಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ, ಹೊಗೆಯ ನಿಯಮದಿಂದ ವಿನಾಯಿತಿ ಇಲ್ಲ. ಹೊಸ ಕಾರಿನಷ್ಟೇ ಸ್ವಚ್ಛ ಎಂಜಿನ್ ಕೂರಿಸಬೇಕು. ಕಾನೂನು ಆದರೂ ಸುರಕ್ಷತಾ ಇಲಾಖೆ ನಿಯಮ ಬರೆದು ಮುಗಿಸೋಕೆ 2022ರವರೆಗೆ ಎಳೆಯಿತು. ನಡುವೆ ಬಿಡಿಭಾಗ ಉದ್ಯಮದ ಸಂಘಟನೆ ಸೀಮಾ 2019ರಲ್ಲಿ ಕೋರ್ಟಿಗೂ ಹೋಗಿತ್ತು. ಇದನ್ನು ನಂಬಿ ತಯಾರಿ ಮಾಡಿಕೊಂಡಿದ್ದ ಸಣ್ಣ ವರ್ಕ್‌ಶಾಪ್‌ಗಳ ಪಾಡು ನೆನೆದರೆ ಈಗಲೂ ಬೇಸರ.

ಫ್ಲೋರಿಡಾದ ರೆವಾಲಜಿ ಹೊಸ ಬಾಡಿಯ ಮಸ್ಟ್ಯಾಂಗ್‌ಗೆ ಫೋರ್ಡಿನ ಈಗಿನ 5.0 ಲೀಟರ್ ಕೊಯೋಟಿ ಎಂಜಿನ್ ಹಾಕಿ ಮಾರುತ್ತೆ. ಚೆಂದ ಕಟ್ಟುತ್ತಾರೆ, ಆದರೆ ಬೆಲೆ ಎರಡು ಲಕ್ಷ ಡಾಲರ್ ದಾಟುತ್ತೆ.

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಕಟ್ಟಿದ ಕಾರಿಗೆ ಎಸ್‌ಬಿ 100 ಅಂತ ಒಂದು ಯೋಜನೆ. ವರ್ಷಕ್ಕೆ 500 ಸರ್ಟಿಫಿಕೇಟ್ ಮಾತ್ರ. ಸಿಕ್ಕರೆ ಕಾರು ಯಾವ ವರ್ಷದ್ದನ್ನು ಹೋಲುತ್ತೋ ಆ ವರ್ಷದ ಹೊಗೆ ನಿಯಮ. ನನ್ನ ಯಜಮಾನರು ಒಂದು ವರ್ಷ ಕಾದು ಮುಂದಿನ ಜನವರಿಯಲ್ಲಿ ತಗೊಂಡರು.

#12 ಬೆಂಗಳೂರು_ಬೈಪಾಸ್

ಇಂಥದ್ದೊಂದು ಬೆಂಗಳೂರಿಗೆ ತಂದು ವಿಂಟೇಜ್ ನಂಬರ್ ಹಾಕಿಸಬಹುದಾ?

#13 ಯೆಜ್ಡಿ_ಮೈಸೂರು

ಆಗಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮ ಓದಿ. ವಿಂಟೇಜ್ ಅನ್ನಿಸಿಕೊಳ್ಳೋಕೆ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸ ಬಾಡಿಯ ಕಾರು ಎರಡರಲ್ಲೂ ನಪಾಸು. ಡಲ್ಲಾಸಿನವರ ಕ್ಯಾಮರೊ ಬೇಕಾದರೆ ಬರಬಹುದು. ಈ ಒಂದು ವಿಷಯದಲ್ಲಿ ನಮ್ಮ ಸರ್ಕಾರ ಅವರ ಕಡೆಗೇ ಇದೆ.

#14 ಕಾವೇರಿ_ಸ್ಯಾನ್‌ಹೋಸೆ

ಮಲೆನಾಡಿಗರೇ, ಮನೆಮಂದಿಯನ್ನು ಕೂರಿಸಿಕೊಂಡು ಓಡಿಸ್ತೀರಾ? ಹಳೇ ಮಸ್ಟ್ಯಾಂಗ್‌ನ ಪೆಟ್ರೋಲ್ ಟ್ಯಾಂಕಿನ ವಿಷಯ ಕೇಳಿ ನನಗೆ ಹೆದರಿಕೆ.

#15 ಮಲೆನಾಡಿಗ_ಮಿಶಿಗನ್

ಮಗಳನ್ನು ಕೂರಿಸಿಕೊಂಡೇ ಓಡಿಸ್ತೀನಿ. ಹಾಗಾಗಿ ಇದಕ್ಕೇ ಹೆಚ್ಚು ತಲೆ ಕೆಡಿಸಿಕೊಂಡದ್ದು.

ಗೊತ್ತಿಲ್ಲದವರಿಗೆ: ಆ ಕಾಲದ ಮಸ್ಟ್ಯಾಂಗ್‌ನಲ್ಲಿ ಡಿಕ್ಕಿಯ ನೆಲದಲ್ಲಿ ಒಂದು ದೊಡ್ಡ ಚೌಕ ತೂತು, ಟ್ಯಾಂಕನ್ನು ಮೇಲಿಂದ ಅದರೊಳಗೆ ಇಳಿಬಿಟ್ಟು ಸ್ಕ್ರೂ ಹಾಕಿರ್ತಾರೆ. ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಹಿಂದಿನಿಂದ ಗುದ್ದಿದರೆ ಪೆಟ್ರೋಲಿಗೂ ಸೀಟಿಗೂ ನಡುವೆ ತೆಳು ಅಡ್ಡಗೋಡೆ ಬಿಟ್ಟರೆ ಏನಿಲ್ಲ. ನಾನು ಟ್ಯಾಂಕಿನ ಮೇಲೆ ಉಕ್ಕಿನ ಹಾಳೆ ಹಾಕಿದ್ದೀನಿ, ಹಿಂದಿನ ಸೀಟಿನ ಬೆನ್ನಿಗೆ ಇನ್ನೊಂದು. ಫಾಸ್ಟ್‌ಬ್ಯಾಕ್‌ನ ಮಡಚೋ ಸೀಟಿನ ಆಸೆ ಬಿಟ್ಟೆ. 1967ರಲ್ಲಿ ಸಾಮಾನ್ಯವಾಗಿ ಬರ್ತಿದ್ದದ್ದು ಸೊಂಟದ ಬೆಲ್ಟು, ನಾನು ಛಾವಣಿಯ ಪಕ್ಕದ ರೈಲಿಗೆ ಬಲಕೊಟ್ಟು ಭುಜದ ಬೆಲ್ಟು ಕೂರಿಸಿದ್ದೀನಿ. ಮುಂದೆ ಡಿಸ್ಕ್ ಬ್ರೇಕು. ಹಳೇ ಕಾರಾಗಿದ್ದರೆ ಅದನ್ನು ಕೊರೆಯೋಕೆ, ಬೆಸೆಯೋಕೆ ಕೈ ನಡುಗ್ತಿತ್ತು. ಇದು ನನ್ನದೇ ಕಾರು, ಯಾರ ಚರಿತ್ರೆಗೂ ತೂತು ಬೀಳಲಿಲ್ಲ. ಹೊಸ ಬಾಡಿಯ ದೊಡ್ಡ ಲಾಭ ಅಂದರೆ ನನ್ನ ಮಟ್ಟಿಗೆ ಇದು.

ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಒಯ್ದಿದ್ದೆ. 1995ರಿಂದ ನಡೀತಿದೆ, ಡೆಟ್ರಾಯಿಟ್ ಪಕ್ಕದ ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ರಸ್ತೆ ತುಂಬ ಹಳೇ ಕಾರು. ಡ್ಯಾಶ್‌ಬೋರ್ಡ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಕಾರ್ಡ್ ಇಟ್ಟಿದ್ದೆ: ಹೊಸ ಬಾಡಿ, ಹೊಸ ಎಂಜಿನ್, ಮನೆಯಲ್ಲಿ ಜೋಡಿಸಿದ್ದು. ಓದಿ ಕೆಲವರು ಮುಖ ತಿರುಗಿಸಿಕೊಂಡು ಹೋದರು. ಮಧ್ಯಾಹ್ನ ಒಬ್ಬ ಮುದುಕರು ಕೋಲು ಊರಿಕೊಂಡು ಬಂದರು. ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ಬಾಗಿಲು ಕೂರಿಸೋ ಕೆಲಸದಲ್ಲಿದ್ದವರು. ಕಾರ್ಡ್ ಓದಿದರು, ಒಂದು ಸಲ ಸುತ್ತು ಬಂದರು, ಎಡ ಬಾಗಿಲಿನ ಸಂದಿಗೆ ಉಗುರು ಇಟ್ಟು ಮೇಲಿಂದ ಕೆಳಗೆ ಎಳೆದರು. ನಾವು ಇಷ್ಟು ನೇರ ಎಂದೂ ಕೂರಿಸಿರಲಿಲ್ಲ ಅಂದರು. ಲೈನು ಓಡ್ತಿರುತ್ತೆ, ಮರದ ಕೊರಡು ಕೊಟ್ಟು ಮಂಡಿಯಿಂದ ಒಂದು ಒತ್ತು, ಸುತ್ತಿಗೆಯಿಂದ ಒಂದು ಪೆಟ್ಟು, ಮುಂದಿನ ಕಾರು. ಆಮೇಲೆ ಬಾಗಿಲು ತೆಗೆದು ಮುಚ್ಚಿ, ಕಿವಿಗೊಟ್ಟು ಸದ್ದು ಕೇಳಿದರು. ಸ್ಟ್ರೈಕರ್ (ಬಾಗಿಲ ಲಾಕ್ ಕಚ್ಚಿಕೊಳ್ಳೋ ಗೂಟ) ಇನ್ನೊಂದು ಕೂದಲೆಳೆ ಒಳಗೆ ಹೋಗಬೇಕು ಅಂದರು. ನನ್ನ ಸ್ಪ್ಯಾನರ್ ಇಸ್ಕೊಂಡು ಅಲ್ಲೇ ಸರಿಮಾಡಿಕೊಟ್ಟರು.

ಡಲ್ಲಾಸಿನವರೇ, ನಿಮ್ಮ ಕಾರಿನಲ್ಲಿರೋ ಬಳಪದ ಗುರುತಿನ ಬಗ್ಗೆ ಓದಿದಾಗ ನನಗೆ ಆ ಮುದುಕರ ಬೆರಳು ನೆನಪಾಯಿತು. ನನ್ನ ಕಾರಿಗೂ ಈಗ ಒಂದು ಕೈ ಸೋಕಿದೆ.

#16 ಡಲ್ಲಾಸ್_ಡ್ರೈವರ್

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮುಂದಿನ ಆಗಸ್ಟ್‌ಗೆ ಕ್ಯಾಮರೊ ಟ್ರೇಲರಿಗೆ ಹಾಕಿಕೊಂಡು ಬರ್ತೀನಿ. ಎರಡಕ್ಕೂ ವೀಲ್‌ಬೇಸ್ 108 ಇಂಚು, ಪಕ್ಕಪಕ್ಕ ನಿಲ್ಲಿಸಿದರೆ ಚಕ್ರಕ್ಕೆ ಚಕ್ರ ಸಾಲಾಗುತ್ತೆ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ನಿಮ್ಮ ಕಾರಿನ ಬಾಗಿಲ ಸದ್ದು ನಾನೂ ಕೇಳಬೇಕು.

ಒಂದು ಸಹಾಯ. ನನ್ನ ಬಲ ಫೆಂಡರ್ ಹೊಸದು ಹಾಕ್ತಿದ್ದೀನಿ, ಬೇರೆ ದಾರಿಯಿಲ್ಲ. ಬಾಗಿಲಿನ ಕಡೆ ಸಂದು ಎಷ್ಟಿಟ್ಟುಕೊಳ್ಳಲಿ?

#17 ಮಲೆನಾಡಿಗ_ಮಿಶಿಗನ್

ಬಣ್ಣದ ದಪ್ಪ ಮರೀಬೇಡಿ. ಬರೀ ತಗಡಿನಲ್ಲಿ 4.5ರಿಂದ 5 ಮಿ.ಮೀ. ಇಟ್ಟರೆ ಎರಡೂ ಅಂಚಿಗೆ ಪ್ರೈಮರು, ಬಣ್ಣ, ಕ್ಲಿಯರ್ ಸೇರಿ 4ರ ಹತ್ತಿರ ನಿಲ್ಲುತ್ತೆ. ಮೊದಲು ಬಾಗಿಲನ್ನು ಹಿಂದಿನ ಕ್ವಾರ್ಟರ್‌ಗೆ ಹೊಂದಿಸಿ, ಆಮೇಲೆ ಫೆಂಡರನ್ನು ಬಾಗಿಲಿಗೆ, ಕೊನೆಗೆ ಬಾನೆಟ್ಟನ್ನು ಫೆಂಡರಿಗೆ. ಹಿಂದಿನಿಂದ ಮುಂದಕ್ಕೆ ಬರಬೇಕು, ಉಲ್ಟಾ ಹೋಗಬೇಡಿ. ಕಾರು ಸ್ಟ್ಯಾಂಡ್ ಮೇಲಿದ್ದಾಗ ಅಳೀಬೇಡಿ, ಎಂಜಿನ್ ಕೂರಿಸಿ ಚಕ್ರದ ಮೇಲೆ ನಿಲ್ಲಿಸಿ ಅಳೀರಿ. ನಿಮ್ಮದರಲ್ಲಿ ಮುಂದಿನ ಸಬ್‌ಫ್ರೇಮ್ (ಎಂಜಿನ್ ಹೊರೋ ಚೌಕಟ್ಟು) ಬೋಲ್ಟಿನಲ್ಲಿ ಕೂರೋದು, ಅದರ ಬುಷ್ ಹಳೆಯದಿದ್ದರೆ ಮೊದಲು ಅದನ್ನು ಬದಲಿಸಿ. ಇಲ್ಲದಿದ್ದರೆ ಹೊಂದಿಸಿದ್ದೆಲ್ಲ ಮತ್ತೆ ಇಳಿಯುತ್ತೆ. ಈ ಶನಿವಾರ ಫೋನ್ ಮಾಡಿ, ಶಿಮ್ ಎಲ್ಲೆಲ್ಲಿ ಹಾಕಬೇಕು ಅಂತ ವಿಡಿಯೋದಲ್ಲಿ ತೋರಿಸ್ತೀನಿ.